ಮಾವನ ತೊಟ್ಟಿ, ಅತ್ತೆಯ ಕೈ

ನಮ್ಮ ಮಾವನಿಗೆ ಇಬ್ಬರು ಹೆಂಡಿರು ಎಂದು ನಾನು ಹೇಳಿದರೆ ಅತ್ತೆ ಈಗಲೂ ನಗುತ್ತಾರೆ. ಒಬ್ಬರು ಅತ್ತೆ. ಇನ್ನೊಂದು ಹಿತ್ತಲಿನ ಮಳೆನೀರಿನ ತೊಟ್ಟಿ. ಬೆಳಿಗ್ಗೆ ಎದ್ದ ಕೂಡಲೇ ಮಾವ ತೊಟ್ಟಿಯ ಮೈ ಒರೆಸುತ್ತಾರೆ, ಮುಚ್ಚಳ ಅಲುಗಾಡಿಸಿ ನೋಡುತ್ತಾರೆ, ಯಾರಾದರೂ ಆ ಕಡೆ ಸುಳಿದರೆ ಜೋರಾಗಿ ಕೆಮ್ಮುತ್ತಾರೆ. ಅತ್ತೆಯ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ಮಾವ ನೂಲಿಗೆ ಬಣ್ಣ ಹಾಕುವವರು. ಬೀದಿಯವರು ಎದುರಿಗೆ ‘ಬಣ್ಣದ ಯಜಮಾನ್ರೇ’ ಎನ್ನುತ್ತಾರೆ, ಬೆನ್ನು ತಿರುಗಿದರೆ ‘ತೊಟ್ಟಿಯಪ್ಪ’ ಎನ್ನುತ್ತಾರೆ. ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ದೊಡ್ಡ ಹಂಡೆಗಳು, ಮಸಿ ಹಿಡಿದ ಗೋಡೆ, ಮೇಲೆ ಬಿದಿರಿನ ಗಳುಗಳಿಗೆ ತೂಗುಬಿದ್ದ ನೂಲಿನ ಲಡಿಗಳು. ಹೂವು ಕುದಿಸಿ ಹಳದಿ, ಎಲೆ ಕೊಳೆಸಿ ನೀಲಿ, ಬೇರು ಕುದಿಸಿ ಕೆಂಪು ತೆಗೆಯುತ್ತಾರೆ. ಆ ಕೆಂಪಿಗೆ ಹೆಸರಿತ್ತು. ರತ್ನಗಂಬಳಿ ನೇಯಿಸುವ ಸಾಹುಕಾರರು ಕಾರಿನಲ್ಲಿ ಬಂದು, ಶೆಡ್ಡಿನ ಕೆಸರಲ್ಲಿ ಬೂಟು ಹಾಳುಮಾಡಿಕೊಂಡು, ಅದನ್ನೇ ಕೇಳಿ ಒಯ್ಯುತ್ತಿದ್ದರು.

ನಮ್ಮ ನಲ್ಲಿ ನೀರು ಗಡಸು. ಸೋಪು ಹಾಕಿದರೆ ನೊರೆ ಬರುವುದಿಲ್ಲ, ಕೆಂಪು ಹಾಕಿದರೆ ಇಟ್ಟಿಗೆ ಬಣ್ಣ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ತಾರಸಿಗೆ ಬಿದ್ದ ನೀರು ಒಂದು ಪೈಪಿನಲ್ಲಿ ಇಳಿದು ತೊಟ್ಟಿ ಸೇರಬೇಕು, ಮುಂದಿನ ಮಳೆಗಾಲದವರೆಗೂ ಅದರಲ್ಲೇ ಬಣ್ಣದ ಕೆಲಸ ನಡೆಯಬೇಕು. ನ್ಯಾಯವಾದ ಮಾತೇ. ಆದರೆ ನ್ಯಾಯವಾದ ಮಾತಿಗೂ ಇಷ್ಟೊಂದು ತಲೆ ತಿನ್ನುವುದೇ? ತಾರಸಿಗೆ ಹೋಗುವವರು ಚಪ್ಪಲಿ ಬಿಟ್ಟು ಕಾಲು ತೊಳೆದು ಹೋಗಬೇಕು. ಅಲ್ಲಿ ಬಟ್ಟೆ ಒಣಗಿಸುವಂತಿಲ್ಲ, ಗಿಡ ಇಡುವಂತಿಲ್ಲ. ಪಾರಿವಾಳಗಳ ಜೊತೆ ಮಾವನಿಗೆ ಹಳೆಯ ವೈರ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಗೊತ್ತಿಲ್ಲದೆ, ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ತಾರಸಿ ಹತ್ತಿದ್ದೆ. ಚಪ್ಪಲಿ ಹಾಕಿಕೊಂಡೇ! ಮಾವ ಒಂದು ಮಾತೂ ಆಡಲಿಲ್ಲ. ನಾನು ಇಳಿದ ಮೇಲೆ ಪೊರಕೆ, ಬಕೆಟ್ಟು ಹಿಡಿದು ಹೋಗಿ ಇಡೀ ತಾರಸಿ ತೊಳೆದರು. ಅಕ್ಕಪಕ್ಕದವರೆಲ್ಲ ಕಿಟಕಿಯಲ್ಲಿ ನಿಂತು ನೋಡಿದರು. ಬೈದಿದ್ದರೆ ನಾನೂ ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ತೊಳೆದುಬಿಟ್ಟರಲ್ಲ! ಆ ಸಿಟ್ಟು ಇನ್ನೂ ನನ್ನ ಹೊಟ್ಟೆಯಲ್ಲಿದೆ. ನಮ್ಮವರ ಹತ್ತಿರ ಹೇಳಿಕೊಂಡರೆ, ಬಸ್ಸು ಓಡಿಸಿ ಸುಸ್ತಾಗಿ ಬಂದ ಪುಣ್ಯಾತ್ಮ, "ಅಪ್ಪ ಹಾಗೇ ಕಣೇ" ಎಂದು ಮಗ್ಗುಲಾದರು.

ಬಣ್ಣ ಕುದಿಸುವುದು ಮಾವನ ಕೆಲಸವಾದರೆ ನೂಲು ಜಾಲಾಡುವುದು ಅತ್ತೆಯದು. ಹಂಡೆಯಿಂದ ತೆಗೆದ ಲಡಿಯನ್ನು ತಣ್ಣನೆಯ ಮಳೆನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ, ಮತ್ತೆ ಹಿಂಡಿ, ಹೆಚ್ಚಾಗಿ ಅಂಟಿಕೊಂಡ ಬಣ್ಣವೆಲ್ಲ ಹೋಗುವವರೆಗೆ. ಚಳಿಗಾಲದಲ್ಲೂ ಅಷ್ಟೇ. ಮಾವ ಅದನ್ನು ಕೆಲಸವೆಂದೇ ಲೆಕ್ಕಕ್ಕಿಟ್ಟವರಲ್ಲ. "ಅದರಲ್ಲೇನಿದೆ, ಅದ್ದೋದು, ಹಿಂಡೋದು" ಎನ್ನುತ್ತಿದ್ದರು. ಅತ್ತೆಯೂ ಎದುರು ಹೇಳಿದವರಲ್ಲ.

ಒಂದು ಬೆಳಿಗ್ಗೆ ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತಿದ್ದೆ. ಅತ್ತೆ ಬಂದು ನಿಂತರು. ಸ್ವೆಟರಿನ ಎದೆ ತೆರೆದಿತ್ತು.

"ಗುಂಡಿ ಹಾಕಮ್ಮ" ಎಂದರು.

ತಮಾಷೆ ಎಂದುಕೊಂಡು ತಲೆ ಎತ್ತಿದೆ. ಬೆರಳುಗಳ ಗಂಟುಗಳು ಊದಿಕೊಂಡಿದ್ದವು, ಅರ್ಧ ಮಡಚಿ ಹಾಗೇ ನಿಂತಿದ್ದವು. ಅಷ್ಟು ದಿನ ಆ ಕೈಗಳನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ಓಡಾಡಿದ್ದಾರೆ, ಮಹಾತಾಯಿ! ನನಗೆ ಅಳು ಬರಬೇಕಾದಲ್ಲಿ ಸಿಟ್ಟು ಬರುತ್ತದೆ. ಗುಂಡಿ ಹಾಕಿ, ಆವತ್ತೇ ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದೆ. ಡಾಕ್ಟರು ಬೆರಳು ಒಂದೊಂದನ್ನೇ ಬಗ್ಗಿಸಿ ನೋಡಿದರು.

"ತಣ್ಣೀರು ಮುಟ್ಟೋ ಹಾಗಿಲ್ಲ. ದಿನಾ ಬೆಳಿಗ್ಗೆ ಸಂಜೆ ಬಿಸಿನೀರಲ್ಲಿ ಕೈ ಇಟ್ಕೊಂಡು ಕೂರ್ಬೇಕು, ಬೆರಳು ಆಡಿಸ್ಬೇಕು. ಇಲ್ದಿದ್ರೆ ಈ ಬೆರಳು ಹೀಗೇ ಉಳ್ಕೊಂಡ್ಬಿಡುತ್ತೆ."

ಹೇಳಿದಷ್ಟು ಸುಲಭವೇ? ನೀರೊಲೆ ಇರುವುದು ಶೆಡ್ಡಿನಲ್ಲಿ, ನೀರು ಕಾಯುವುದು ಹಂಡೆಯಲ್ಲಿ. ಲೋಟ ಎತ್ತಲಾಗದ ಅತ್ತೆ ಹಂಡೆ ಎತ್ತುತ್ತಾರೆಯೇ? ನಾನು ಮನೆಯಲ್ಲಿದ್ದಾಗ ತೋಡಿ ಕೊಟ್ಟೆ, ಇಲ್ಲದಾಗ ಅವರು ಹಾಗೇ ಕೂತರು. ಕೊನೆಗೆ ಒಂದು ದಿನ ಊಟದ ಹೊತ್ತಿನಲ್ಲಿ ಅತ್ತೆ ಬಾಯಿ ಬಿಟ್ಟರು.

"ತಾರಸಿ ಮೇಲೆ ಸೋಲಾರ್ ಹೀಟರ್ ಹಾಕ್ಸೋಣ. ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರ್ಬೇಕು."

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ತಾರಸಿ ಮೇಲಾ?"

"ಮತ್ತೆಲ್ಲಿ, ನಿಮ್ಮ ತಲೆ ಮೇಲಾ?"

ಅತ್ತೆಯ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ನಮ್ಮವರಿಗೆ ನೆತ್ತಿಗೇರಿ ಕೆಮ್ಮು ಬಂತು. ಮಾವ ಊಟ ಮುಗಿಸಿ, ಕಾಲು ತೊಳೆದುಕೊಂಡು ತಾರಸಿ ಹತ್ತಿ, ಬಹಳ ಹೊತ್ತು ಅಲ್ಲೇ ನಿಂತಿದ್ದರು. ಇಳಿದು ಬಂದು "ಆಯ್ತು" ಎಂದರು. "ಆದ್ರೆ ನಾನು ಹೇಳಿದ ಹಾಗೆ."

ಸೋಲಾರಿನವನು ಬಂದ. ದಪ್ಪ ಮೀಸೆಯ, ಎಲ್ಲದಕ್ಕೂ ನಗುವ ಮನುಷ್ಯ. ಪಾಪ, ಟೇಪು ಹಿಡಿದು ಅಳತೆ ತೆಗೆಯಲು ಬಂದವನನ್ನು ಮಾವ ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ಶುರುಮಾಡಿದರು.

"ಪೈಪು ಯಾವುದು?"

"ತಾಮ್ರದ್ದು ಯಜಮಾನ್ರೇ. ಗಟ್ಟಿ ಮಾಲು."

"ಕತ್ತರಿಸಿದಾಗ ಪುಡಿ ಬೀಳುತ್ತಲ್ಲ?"

"ಅದೇನು ಮಹಾ, ಉಫ್ ಅಂತ ಊದಿದ್ರೆ ಹೋಗುತ್ತೆ."

ಆ ಮಾತು ಆಡಬಾರದಿತ್ತು. "ಊದಿದ್ರೆ ಎಲ್ಲಿಗಪ್ಪಾ ಹೋಗುತ್ತೆ? ನನ್ನ ತೊಟ್ಟಿಗೆ ಹೋಗುತ್ತೆ! ತಾಮ್ರ ಸೇರಿದ ನೀರಲ್ಲಿ ಹಳದಿ ಹಾಕಿದ್ರೆ ಹಸಿರಾಗುತ್ತೆ, ಗೊತ್ತಾ ನಿನಗೆ?"

ಹೀಟರು ಅತಿಯಾಗಿ ಕಾದಾಗ ಗಾಳಿ ಪೈಪಿನಿಂದ ಸ್ವಲ್ಪ ನೀರು ಉಗುಳುತ್ತದೆ ಎಂದು ಅವನು ಹೇಳಿದ. ಎಲ್ಲಿಗೆ ಎಂದು ಮಾವ ಕೇಳಿದರು. ತಾರಸಿ ಮೇಲೆಯೇ ಎಂದ. ಮಾವ ಎದ್ದು ನಿಂತವರು ಮತ್ತೆ ಕೂತರು. ಆ ಪೈಪನ್ನು ಗೋಡೆಯ ಹೊರಗಿನಿಂದ ಇಳಿಸಿ ಮೋರಿಗೆ ಬಿಡಬೇಕೆಂದು ತೀರ್ಮಾನವಾಯಿತು. ಆಮೇಲೆ ಪೈಪು ಕೂಡಿಸುವ ಅಂಟಿನ ವಿಚಾರಣೆ. ಒಳಗೆ ಏನೋ ಔಷಧಿ ತುಂಬಿದ ಹೀಟರುಗಳೂ ಇರುತ್ತವಂತಲ್ಲ ಎಂಬ ವಿಚಾರಣೆ. "ಅದು ಹಿಮ ಬೀಳೋ ಊರಿಗೆ ಯಜಮಾನ್ರೇ, ನೀರು ಹೆಪ್ಪುಗಟ್ಟದ ಹಾಗೆ. ನಿಮಗೆ ಬರೀ ನೀರು" ಎಂದ ಅವನು, ನನ್ನ ಕಡೆ ತಿರುಗಿ, "ಅಕ್ಕಾ, ನಾನು ಹೀಟರ್ ಹಾಕೋಕೆ ಬಂದಿದ್ದೀನಾ, ಪರೀಕ್ಷೆ ಬರೆಯೋಕೆ ಬಂದಿದ್ದೀನಾ?" ಎಂದು ಹಣೆ ಒರೆಸಿಕೊಂಡ.

ಕೊನೆಗೆ ಅವನೂ ಒಂದು ಪ್ರಶ್ನೆ ಕೇಳಿದ. "ಹೀಟರಿಗೆ ನೀರು ಎಲ್ಲಿಂದ ಕೊಡ್ತೀರಿ? ಈ ಬೀದಿ ನಲ್ಲಿ ನೀರಾದ್ರೆ ಒಳಗೆಲ್ಲ ಸುಣ್ಣ ಕಟ್ಟುತ್ತೆ. ಬೇಗ ಕಟ್ಕೊಂಡು ಹೋಗುತ್ತೆ. ನಿಮ್ಮ ಮಳೆನೀರನ್ನ ಒಂದು ಸಣ್ಣ ಮೋಟಾರಿಂದ ಮೇಲೆ ಏರಿಸಿದ್ರೆ ಹೂವಿನ ಹಾಗೆ ನಡೆಯುತ್ತೆ."

"ಒಂದು ತೊಟ್ಟೂ ಇಲ್ಲ" ಎಂದರು ಮಾವ.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ತಿರುಗಿ ಒಳಗೆ ಹೋದರು. ನನಗೆ ಮೈಯೆಲ್ಲ ಉರಿಯಿತು.

"ಮಾವ, ಅದು ಅತ್ತೆ ಕೈಗೆ. ಬಚ್ಚಲು ತೊಳೆಯೋಕಲ್ಲ."

"ನಲ್ಲಿ ನೀರೂ ಬಿಸಿ ಆಗುತ್ತಲ್ಲ ತಾಯಿ. ಕಟ್ಕೊಂಡಾಗ ನೋಡೋಣ. ತೊಟ್ಟಿ ಬರಿದಾದ್ರೆ ನೂಲಿಗೆ ಏನು ಮಾಡ್ಲಿ?"

ಆ ಮನುಷ್ಯನ ಜೊತೆ ಮಾತಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ ಎಂದುಕೊಂಡು ನಾನು ಮಷಿನ್ ತುಳಿಯತೊಡಗಿದೆ.

ಕೆಲಸದ ದಿನ ಸೋಲಾರಿನವನು ಒಳ್ಳೆಯ ಮಾತೇ ಹೇಳಿದ. ತಾರಸಿಯಿಂದ ತೊಟ್ಟಿಗೆ ಇಳಿಯುವ ಪೈಪಿನ ಜೋಡಣೆಯನ್ನು ಒಂದೆರಡು ದಿನ ಬಿಚ್ಚಿಡೋಣ, ಏನು ಬಂದರೂ ಮೋರಿಗೆ ಹೋಗಲಿ, ಕೆಲಸ ಮುಗಿದ ಮೇಲೆ ತಾರಸಿ ತೊಳೆದು ಮತ್ತೆ ಕೂಡಿಸೋಣ ಎಂದ. ಎಲ್ಲರೂ ಮಾಡುವುದೇ ಹಾಗಂತೆ. ಮಾವ ಕೇಳಬೇಕಲ್ಲ!

"ಹಳೇ ಪೈಪು. ಬಿಚ್ಚಿದ್ರೆ ಒಡೆಯುತ್ತೆ. ಯಾರೂ ಕೈ ಹಚ್ಬೇಡಿ. ತಾರಸಿ ತೂತನ್ನ ನಾನೇ ಮುಚ್ತೀನಿ. ಹೇಗೂ ಮಳೆಗಾಲ ಮುಗೀತು."

ಶೆಡ್ಡಿಗೆ ಹೋಗಿ ತೂತಿಗೆ ತುರುಕಲು ನೂಲು ಹುಡುಕಿದರು. ಒಳ್ಳೆಯ ನೂಲನ್ನು ತೂತಿಗೆ ತುರುಕಲು ಮನಸ್ಸು ಬರಬೇಕಲ್ಲ. ಮೂಲೆಯಲ್ಲಿ ಕೆಂಪು ಲಡಿಗಳ ಒಂದು ಗಂಟು ಬಿದ್ದಿತ್ತು. ಅತ್ತೆಯ ಕೈ ಕೆಟ್ಟ ಮೇಲೆ ಮಾವ ತಾವೇ ಜಾಲಾಡಿದ ನೂಲು ಅದು; ಒಣಗಿದ ಮೇಲೆ ತೇಪೆ ತೇಪೆಯಾಗಿ ಕಂಡಿತೆಂದು ಎಸೆದಿದ್ದರು. ಅದನ್ನೇ ಒಯ್ದು ಗಟ್ಟಿಯಾಗಿ ಬಿಗಿದರು.

ಆಮೇಲೆ ನಡೆದದ್ದು ನೋಡಬೇಕಿತ್ತು. ಸೋಲಾರಿನವನ ಚಪ್ಪಲಿ ಬಿಡಿಸಿದರು. ಬಿಸಿಲಿಗೆ ಕಾದ ತಾರಸಿಯ ಮೇಲೆ ಅವನು ಕುಣಿಯುತ್ತ ಡ್ರಿಲ್ ಹಿಡಿದ. ಕೆಳಗೆಲ್ಲ ಹಳೆಯ ಹೊದಿಕೆಗಳನ್ನು ಹಾಸಿದ್ದರು. ಮಾವ ಕಬ್ಬಿಣದ ಚೂರು ಹಿಡಿಯಲೆಂದು ದಾರಕ್ಕೆ ಒಂದು ಅಯಸ್ಕಾಂತ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಬ್ರಷ್ ಹಿಡಿದು, ಮಂಡಿಯೂರಿ ಅವನ ಹಿಂದೆ ಹಿಂದೆ ತೆವಳಿದರು.

"ಯಜಮಾನ್ರೇ, ನನ್ನ ತಲೆಕೂದಲು ಉದುರಿದ್ರೂ ಹಿಡೀತೀರಾ?"

"ಹಿಡೀತೀನಿ. ಮೀಸೇದೂ ಹಿಡೀತೀನಿ. ನೀನು ಕೆಲಸ ಮಾಡು."

ಮಧ್ಯಾಹ್ನದ ಹೊತ್ತಿಗೆ ಹೀಟರಿನ ಕಾಲುಗಳು ಕೂತವು. ಅಷ್ಟರಲ್ಲಿ ಎಲ್ಲಿತ್ತೋ ಏನೋ, ಕಾಲವಲ್ಲದ ಕಾಲದಲ್ಲಿ ಮೋಡ ಕವಿಯಿತು. ಮಾವ ಹಾಸಿದ ಹೊದಿಕೆಗಳನ್ನೆಲ್ಲ ಪುಡಿಯ ಸಮೇತ ಮಡಚಿ ಕೆಳಗಿಳಿಸಿದರು. ಅದೊಂದು ಬುದ್ಧಿವಂತಿಕೆ ಮಾಡಿದರು. ಹಿಂದೆಯೇ ಮಳೆ ಧಬಧಬ ಸುರಿಯಿತು. ನಾವೆಲ್ಲ ಹಿತ್ತಲ ಬಾಗಿಲಲ್ಲಿ ನಿಂತೆವು. ಮಾವನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

"ನೋಡಪ್ಪಾ, ಮೇಲೆ ಕೆರೆ ಆದ್ರೂ ಒಳಗೆ ಹನಿ ಹೋಗಲ್ಲ. ಮಳೆ ನಿಂತ ಮೇಲೆ ಬಕೆಟ್ಟಲ್ಲಿ ತೋಡಿ ಚೆಲ್ಲಿದ್ರಾಯ್ತು."

"ನಿಮ್ಮ ತಲೆಯೇ ತಲೆ ಯಜಮಾನ್ರೇ" ಎಂದು ಸೋಲಾರಿನವನು ಅಂಗಾಲು ಉಜ್ಜಿಕೊಂಡ.

ಅತ್ತೆ ಶಾಲಿನೊಳಗೆ ಕೈ ಹುದುಗಿಸಿ ನಿಂತಿದ್ದರು. "ತೂತಿಗೆ ಏನು ತುರುಕಿದ್ರಿ?"

"ನೂಲು."

"ಯಾವ ನೂಲು?"

"ಅದೇ, ನಾನು ಜಾಲಾಡಿದ್ನಲ್ಲ, ಆ ಕೆಂಪು."

ಅತ್ತೆ ನನ್ನ ಮುಖ ನೋಡಿದರು. "ರೀ, ಅದು ಇನ್ನೂ ಬಣ್ಣ ಬಿಡ್ತಿತ್ತು."

"ಏನು ಬಿಡ್ತಿತ್ತು? ಅಷ್ಟೊಂದು ಸಲ ಅದ್ದಿ ಹಿಂಡಿದ್ದೀನಿ!"

"ಇನ್ನೂ ಬಿಡ್ತಿತ್ತು" ಎಂದರು ಅತ್ತೆ.

ಮಾವ ಮಳೆಯಲ್ಲೇ ಓಡಿದರು. ಅವರ ಹಿಂದೆ ಸೋಲಾರಿನವನು, ಅವನ ಹಿಂದೆ ನಾನು. ಕಾಲು ತೊಳೆಯುವುದೂ ಇಲ್ಲ, ಏನೂ ಇಲ್ಲ! ತಾರಸಿ ಮೇಲೆ ಮೊಣಕಾಲುದ್ದ ನೀರು ನಿಂತಿತ್ತು ಎಂದರೆ ಸುಳ್ಳಾದೀತು, ಹಿಮ್ಮಡಿ ಮುಳುಗುವಷ್ಟಂತೂ ಇತ್ತು. ತೂತಿನ ಸುತ್ತ ಅಷ್ಟಗಲ ಕೆಂಪು. ಮಾವ "ಅಯ್ಯಯ್ಯೋ" ಎನ್ನುತ್ತ ಬಗ್ಗಿ ಆ ಗಂಟಿಗೆ ಕೈ ಹಾಕಿದರು.

"ಎಳೀಬೇಡಿ!" ಸೋಲಾರಿನವನು ಕೂಗಿದ.

ಎಳೆದುಬಿಟ್ಟಿದ್ದರು. ಅಷ್ಟೂ ಕೆಂಪು ನೀರು ಗಳಗಳ ಎಂದು ಪೈಪಿಗೆ ಇಳಿಯಿತು. ಮಾವ ಆ ತೂತಿಗೆ ಮೊದಲು ಅಂಗೈ ಒತ್ತಿದರು, ಆಮೇಲೆ ಹಿಮ್ಮಡಿ ಒತ್ತಿದರು, ಕೊನೆಗೆ ಅದರ ಮೇಲೆ ಕೂತೇಬಿಟ್ಟರು. ಕೂತಲ್ಲಿಂದ ನಮ್ಮನ್ನು ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಸೋಲಾರಿನವನು ಆ ಕಡೆ ತಿರುಗಿ ಮೀಸೆ ಕಚ್ಚಿಕೊಂಡ.

ಮಳೆ ನಿಂತ ಮೇಲೆ ಮುಚ್ಚಳ ತೆಗೆದು ನೋಡಿದರೆ, ತೊಟ್ಟಿಯ ತುಂಬ ತೆಳು ಗುಲಾಬಿ ನೀರು. "ಚೆನ್ನಾಗೇ ಕಾಣುತ್ತೆ, ಶರಬತ್ತಿನ ಹಾಗೆ" ಎಂದು ಸೋಲಾರಿನವನು ಸಮಾಧಾನ ಹೇಳಲು ಹೋಗಿ, ಮಾವನ ಮುಖ ನೋಡಿ ಬಾಯಿ ಮುಚ್ಚಿದ. ಮಾವ ಒಂದು ಬಿಳಿ ಎಳೆ ಅದ್ದಿ ಎತ್ತಿ ಹಿಡಿದರು. ಅದೂ ಗುಲಾಬಿ. ಇನ್ನು ಈ ವರ್ಷ ಹಳದಿ ಇಲ್ಲ, ನೀಲಿ ಇಲ್ಲ. ಯಾರಿಂದ ಏನೂ ಆಗಬಾರದೆಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವರು ತಾವೇ ಬಣ್ಣ ಕಲಸಿದ್ದರು. ಚೆನ್ನಾಗಿ ಆಡಿಕೊಂಡು ನಗಬೇಕೆಂದಿದ್ದೆ. ಆದರೆ ಮನುಷ್ಯ ಆ ಎಳೆ ಹಿಡಿದುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತದ್ದು ನೋಡಿ ನನ್ನ ನಾಲಿಗೆ ಏಳಲಿಲ್ಲ.

ಸಂಜೆ ಅವರು ಆ ಗಂಟನ್ನು ಶೆಡ್ಡಿಗೆ ಒಯ್ದು ಜಾಲಾಡಲು ಕೂತರು. ಅದ್ದಿದರು, ಹಿಂಡಿದರು, ನೀರು ಚೆಲ್ಲಿದರು. ಕೆಂಪು. ಮತ್ತೆ ಅದ್ದಿದರು. ಕೆಂಪೇ. ಅತ್ತೆ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು.

"ಇದು ಯಾವಾಗ ನಿಲ್ಲುತ್ತೇ?" ಮಾವ ತಲೆ ಎತ್ತದೆ ಕೇಳಿದರು.

"ನೀರು ನೋಡಿದ್ರೆ ಗೊತ್ತಾಗಲ್ಲ ರೀ. ಬೆರಳಿಗೆ ಗೊತ್ತಾಗುತ್ತೆ. ಜಾರೋದು ನಿಂತು ನೂಲು ಕಿರ್ ಅನ್ನುತ್ತೆ."

"ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ಮರಗಟ್ಟಿದೆ."

"ಹ್ಞೂ. ಮೊದಲು ಮರಗಟ್ಟುತ್ತೆ. ಆಮೇಲೆ ಉರಿಯುತ್ತೆ. ಆಮೇಲೆ ಗೊತ್ತಾಗೋಕೆ ಶುರುವಾಗುತ್ತೆ."

ಅತ್ತೆ ಕುಟುಕಿ ಹೇಳಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುವಂತೆ ಹೇಳಿದರು. ಮಾವ ಮತ್ತೊಮ್ಮೆ ಅದ್ದಿ ಹಿಂಡಿದರು. ಆಮೇಲೆ ಒಳಗೆ ಬಂದು ಕಾಫಿ ಲೋಟ ಹಿಡಿಯಲು ಹೋದರೆ ಅದು ಕೈಯಲ್ಲಿ ನಿಲ್ಲಲಿಲ್ಲ. ಲೋಟ ಕೆಳಗಿಟ್ಟು, ಮುಷ್ಟಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ನೋಡಿಕೊಂಡರು. ಅವರ ಮೇಲೆ ನನಗೆ ಅಯ್ಯೋ ಎನಿಸಿದ್ದು ಆವತ್ತೇ.

ಮಾರನೆಯ ದಿನ ಸೋಲಾರಿನವನು ಮೇಲೆ ಪೈಪು ಕೂಡಿಸುತ್ತಿರುವಾಗ ರತ್ನಗಂಬಳಿ ಸಾಹುಕಾರರು ಬಂದರು. ವಿಷಯ ಆಗಲೇ ಬೀದಿಯಲ್ಲೆಲ್ಲ ಹರಡಿತ್ತು. ತೊಟ್ಟಿಯಲ್ಲಿ ಇಣುಕಿ, ಗಹಗಹಿಸಿ ನಕ್ಕು, ಮಾವನ ಬೆನ್ನು ತಟ್ಟಿದರು.

"ಇದಕ್ಯಾಕೆ ಇಷ್ಟು ಸಪ್ಪೆ ಮೋರೆ? ನನಗೆ ಬೇಕಾಗಿರೋದು ಕೆಂಪೇ! ಒಂದು ದೊಡ್ಡ ಸಭಾಂಗಣಕ್ಕೆ ಗಂಬಳಿ ಒಪ್ಕೊಂಡಿದ್ದೀನಿ, ಗೋಡೆಯಿಂದ ಗೋಡೆಗೆ. ಇಡೀ ತೊಟ್ಟಿ ಕೆಂಪಿಗೇ ಬಳಸಿ. ಕೆಂಪಿಗೆ ಗುಲಾಬಿ ನೀರು ಏನು ಮಾಡುತ್ತೆ?"

ಮಾವನ ಮುಖ ಅರಳಿತು. ಮುಗಿಯಿತು, ಇನ್ನು ಈ ಮುಚ್ಚಳದ ಮೇಲೆ ಬೀಗ ಬೀಳುತ್ತದೆ ಎಂದುಕೊಂಡೆ.

"ಆದ್ರೆ ಜಾಲಾಡೋದು ಮಾತ್ರ ಯಾವಾಗಿನ ಹಾಗೇ ಇರ್ಬೇಕು" ಎಂದರು ಸಾಹುಕಾರರು. "ಯಜಮಾನತಿಯವ್ರು ಇದ್ದಾರಲ್ಲ."

ಅತ್ತೆ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ಆ ಮಾತು ಕೇಳಿ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು. ಮಾವ ಅದನ್ನು ನೋಡಿದರು. ಆಮೇಲೆ ತಾರಸಿಯ ಕಡೆ ಮುಖ ಎತ್ತಿ ಕೂಗಿದರು.

"ಏನಪ್ಪಾ! ಆ ನಲ್ಲಿ ನೀರಿನ ಪೈಪು ಬಿಚ್ಚು. ತೊಟ್ಟಿಯಿಂದ ಕೊಡು ಹೀಟರಿಗೆ."

ಮೇಲಿನಿಂದ ಮೀಸೆ ಇಣುಕಿತು. "ಮಳೆನೀರಾ ಯಜಮಾನ್ರೇ? ನಿಜವಾಗ್ಲೂ?"

"ಕಿವಿ ಕೇಳ್ಸಲ್ವಾ? ತೊಟ್ಟಿಯಿಂದ ಕೊಡು."

"ಹಾಗಾದ್ರೆ ನನ್ನ ಕೆಂಪು?" ಎಂದರು ಸಾಹುಕಾರರು.

"ನಿಮ್ಮ ಕೆಂಪು ಮಾಡ್ತಿದ್ದದ್ದು ನಾನಲ್ಲ ಸಾಹುಕಾರ್ರೇ. ನಾನು ಬರೀ ಕುದಿಸ್ತಿದ್ದೆ. ಮಾಡ್ತಿದ್ದೋಳ ಕೈಗೆ ಹುಷಾರಿಲ್ಲ. ಹುಷಾರಾಗೋವರೆಗೂ ಈ ನೀರು ಅವಳದ್ದು. ಆಮೇಲೂ ಅವಳು ತಣ್ಣೀರು ಮುಟ್ಟಲ್ಲ. ಕೂತು ಹೇಳ್ತಾಳೆ, ನಾನು ಹಿಂಡ್ತೀನಿ. ಅಷ್ಟು ದಿನ ಕಾಯೋದಾದ್ರೆ ಕಾಯಿರಿ."

ಸಾಹುಕಾರರು ನನ್ನ ಮುಖ ನೋಡಿದರು, ಯಜಮಾನರಿಗೆ ಏನಾದರೂ ಆಗಿದೆಯೇ ಎಂಬಂತೆ. ನಾನೂ ಅದನ್ನೇ ಯೋಚಿಸುತ್ತಿದ್ದೆ. ಅತ್ತೆ ಒಳಗೆ ಹೋಗಿದ್ದರು. ಅಡುಗೆಮನೆಯಲ್ಲಿ ಮೂಗು ಸೀಟುವ ಸದ್ದು ಕೇಳಿಸಿತು.

ಮೋಟಾರು ಕೂಡಿಸಿದ ಮೇಲೆ ಒಂದು ದಿನದ ಬಿಸಿಲು ಸಾಕಾಯಿತು. ಸಂಜೆ ಬಚ್ಚಲಲ್ಲಿ ಮೊದಲ ಸಲ ನಲ್ಲಿ ತಿರುಗಿಸಿದಾಗ ಹಬೆಯಾಡುವ ಗುಲಾಬಿ ನೀರು ಬಂತು. ಅತ್ತೆ ಮಣೆಯ ಮೇಲೆ ಕೂತು ಬೋಗುಣಿಯಲ್ಲಿ ಎರಡೂ ಕೈ ಇಳಿಬಿಟ್ಟು ಕಣ್ಣು ಮುಚ್ಚಿದರು. "ಹಾ" ಎಂದರು, ಅಷ್ಟೇ. ಮಾವ ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದರು. ನೀರಿನೊಳಗೆ ಅವು ನಿಧಾನವಾಗಿ ಅಲುಗಿದವು. ಬೋಗುಣಿ ತುಂಬಿತು. ತುಂಬಿ ಹೊರಗೆ ಹರಿಯಿತು. ಮಾವನ ಪಂಚೆ ನೆನೆದು, ನೀರು ಬಚ್ಚಲಿನ ತುಂಬ ಹರಡಿ ಮೋರಿಯ ದಾರಿ ಹಿಡಿಯಿತು.

ಅತ್ತೆ ಕಣ್ಣು ತೆರೆದು ಗಾಬರಿಯಾದರು. "ರೀ, ನಲ್ಲಿ ನಿಲ್ಸಿ. ಮಳೆನೀರು ಚೆಲ್ಲಿಹೋಗ್ತಿದೆ!"

"ಚೆಲ್ಲಲಿ ಬಿಡೇ" ಎಂದರು ಮಾವ.